ಬಿದ್ದ ಲೆಕ್ಕದ ವಹಿ

ಸಂಜೆ ಹೊಲದಿಂದ ಮರಳುವಾಗ ದಾರಿಯಲ್ಲಿ ಸಿಕ್ಕವರು ನನಗೆ ಕೇಳುವ ಪ್ರಶ್ನೆ ಒಂದೇ: “ಮಾಸ್ತರ, ಇವತ್ತ ಎಷ್ಟ ಸಲ ಬಿತ್ತರಿ?” ಎಷ್ಟು ಎತ್ತರ ಹಾರಿತೆಂದು ಕೇಳಿದವರು ಯಾರೂ ಇಲ್ಲ. ಮೊದಮೊದಲು ಈ ಪ್ರಶ್ನೆಯಿಂದ ನನಗೆ ಮುಜುಗರವಾಗುತ್ತಿತ್ತು. ಈಗ ಆಗುವುದಿಲ್ಲ. ನಾನು ಕಲಿಯತೊಡಗಿದ ವಿದ್ಯೆಯಲ್ಲಿ ಕೇಳತಕ್ಕ ಪ್ರಶ್ನೆ ಅದೇ ಎಂದು ಕಾಲಕ್ರಮದಲ್ಲಿ ನನಗೆ ಮನವರಿಕೆಯಾಗಿದೆ. ರೇಡಿಯೋ ಅಲೆಗಳಿಂದ ನಡೆಸುವ ಪುಟ್ಟ ಹೆಲಿಕಾಪ್ಟರನ್ನು ಹಾರಿಸುವುದೇ ಆ ವಿದ್ಯೆ. ಅದು ಹಾರುವ ಬಗೆಯನ್ನೂ, ಬೀಳುವ ಬಗೆಯನ್ನೂ, ಬಿದ್ದ ಮೇಲೆ ಮಾಡಬೇಕಾದ ಕೆಲಸವನ್ನೂ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಏಕಸಂಬಿ ಚಿಕ್ಕೋಡಿ ತಾಲೂಕಿನಲ್ಲಿ, ದೂಧಗಂಗಾ ನದಿಯ ಸಮೀಪದಲ್ಲಿರುವ ಊರು. ಸುತ್ತಲೂ ಕಬ್ಬಿನ ಸೀಮೆ. ಕಬ್ಬು ನಿಂತಿರುವ ತನಕ ಎತ್ತ ನೋಡಿದರೂ ಹಸುರು ಗೋಡೆ. ಕಟಾವಾದ ಮೇಲೆ ಮಾತ್ರ ದೂರದವರೆಗೆ ಬಯಲು ತೆರೆದುಕೊಳ್ಳುತ್ತದೆ. ಹೆಲಿಕಾಪ್ಟರು ನಮ್ಮ ಕಡೆಯ ಜನರಿಗೆ ಹೊಸದೇನಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಬೆಳಗಾವಿ ಜಿಲ್ಲೆಯ ನೀರು ಸುತ್ತುವರಿದ ಊರುಗಳಿಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದುದನ್ನು ಅವರು ಬಲ್ಲರು. ಚುನಾವಣೆ ಬಂದಾಗಲಂತೂ ಅವುಗಳ ಸದ್ದು ಕೇಳಿಯೇ ಕೇಳುತ್ತದೆ. ಆದರೆ ನಿವೃತ್ತನಾದ ವಿಜ್ಞಾನದ ಮಾಸ್ತರನೊಬ್ಬ ಎರಡು ಕೈಗಳಲ್ಲಿ ಒಂದು ಪೆಟ್ಟಿಗೆ ಹಿಡಿದು, ಎದುರಿಗೆ ಹದ್ದಿನಷ್ಟು ದೊಡ್ಡದೊಂದು ಯಂತ್ರವನ್ನು ಎಬ್ಬಿಸಿ, ಅದು ಮಗುಚಿ ಬಿದ್ದಾಗ ಓಡಿಹೋಗಿ ಮೊಣಕಾಲೂರಿ ಚೂರುಗಳನ್ನು ಆಯುವುದು ಅವರಿಗೆ ಹೊಸ ನೋಟವಾಗಿತ್ತು.

ಪುಣೆಯಲ್ಲಿರುವ ನನ್ನ ಅಕ್ಕನ ಮಗ ಈ ಯಂತ್ರವನ್ನು ತಂದುಕೊಟ್ಟನು. ತೂಕ ಸುಮಾರು 800 ಗ್ರಾಂ. ಮೇಲಿನ ಎರಡು ರೆಕ್ಕೆಗಳು ತಿರುಗುವಾಗ ಆಗುವ ವೃತ್ತದ ವ್ಯಾಸ 70 ಸೆಂಟಿಮೀಟರು. ಒಳಗೊಂದು ವಿದ್ಯುತ್ ಮೋಟಾರು, ಒಂದು ಲಿಥಿಯಂ ಬ್ಯಾಟರಿ, ರೆಕ್ಕೆಗಳ ಕೋನವನ್ನು ಬದಲಿಸುವ ‘ಸರ್ವೋ’ ಎಂಬ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ನಾಲ್ಕು ಮೋಟಾರುಗಳು. ಕೈಯಲ್ಲಿರುವ ಪೆಟ್ಟಿಗೆಯ ಮೇಲೆ ಎರಡು ಸನ್ನೆಗಳು. ಎಡಗೈಯ ಸನ್ನೆ ಯಂತ್ರವನ್ನು ಏರಿಸುತ್ತದೆ, ಇಳಿಸುತ್ತದೆ. ಪಕ್ಕಕ್ಕೆ ಸರಿಸಿದರೆ ಅದರ ಮೂತಿಯನ್ನು ತಿರುಗಿಸುತ್ತದೆ. ಬಲಗೈಯ ಸನ್ನೆ ಅದನ್ನು ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ವಾಲಿಸುತ್ತದೆ. ಹೇಳುವುದಕ್ಕೆ ಇಷ್ಟೆ. ನಾಲ್ಕು ಆಜ್ಞೆಗಳನ್ನು ಎರಡು ಹೆಬ್ಬೆರಳುಗಳಿಂದ ಏಕಕಾಲಕ್ಕೆ ಕೊಡುವುದರಲ್ಲಿ ಕಷ್ಟವೇನು ಎಂದು ನಾನೂ ಅಂದುಕೊಂಡಿದ್ದೆ.

ಈ ಕಷ್ಟ ತಿಳಿಯಬೇಕಾದರೆ ವಿಮಾನಕ್ಕೂ ಹೆಲಿಕಾಪ್ಟರಿಗೂ ಇರುವ ಭೇದವನ್ನು ತಿಳಿಯಬೇಕು. ಚೆನ್ನಾಗಿ ಮಾಡಿದ ಆಟಿಕೆಯ ವಿಮಾನದಿಂದ ಕೈ ತೆಗೆದರೂ ಅದು ತನ್ನಷ್ಟಕ್ಕೆ ತೇಲುತ್ತ ಸ್ವಲ್ಪ ದೂರ ನೆಟ್ಟಗೆ ಹೋಗುತ್ತದೆ. ನೆಟ್ಟಗಿರುವುದು ಅದರ ಸ್ವಭಾವ. ಹೆಲಿಕಾಪ್ಟರಿಗೆ ಅಂಥ ಸ್ವಭಾವವಿಲ್ಲ. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿದಂತೆ ಅದರ ಸ್ಥಿತಿ. ಕೋಲು ವಾಲಿದ ಮೇಲೆ ಕೈ ಸರಿಸಿದರೆ ತಡವಾಯಿತು. ವಾಲಲು ಮನಸ್ಸು ಮಾಡುತ್ತಿರುವಾಗಲೇ ಸರಿಸಬೇಕು. ಒಂದೆಡೆ ಅಲುಗದೆ ನಿಂತಂತೆ ಕಾಣುವ ಹೆಲಿಕಾಪ್ಟರಿನ ಹಿಂದೆ ಹಾರಿಸುವವನ ಬೆರಳುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

ಅದರ ಒಳಗಿನ ನಿಯಮಗಳೂ ವಿಚಿತ್ರವಾದವು. ಮೇಲಿನ ರೆಕ್ಕೆಗಳನ್ನು ಮೋಟಾರು ಒಂದು ದಿಕ್ಕಿಗೆ ತಿರುಗಿಸಿದರೆ ಯಂತ್ರದ ಮೈ ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಇದನ್ನು ತಡೆಯುವುದಕ್ಕೆ ಬಾಲದ ತುದಿಯ ಚಿಕ್ಕ ರೆಕ್ಕೆಗಳು ಸದಾ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತಿರಬೇಕು. ಹೀಗೆ ತಳ್ಳುವುದರಿಂದ ಯಂತ್ರವೇ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗುತ್ತದೆ. ಅದನ್ನು ತಡೆಯಲು ಇಡೀ ಯಂತ್ರವನ್ನು ಕೂದಲೆಳೆಯಷ್ಟು ಒಂದು ಬದಿಗೆ ವಾಲಿಸಿಯೇ ನಿಲ್ಲಿಸಬೇಕು. ಒಂದು ರೋಗದ ಮದ್ದು ಇನ್ನೊಂದು ರೋಗಕ್ಕೆ ಕಾರಣವಾದಂತೆ ಇದೆ ಈ ವ್ಯವಸ್ಥೆ.

ಇನ್ನೊಂದು ಸಂಗತಿ. ವೇಗವಾಗಿ ಸುತ್ತುವ ಬುಗುರಿಯನ್ನು ಬೆರಳಿನಿಂದ ಒಂದು ಕಡೆಗೆ ತಳ್ಳಿದರೆ ಅದು ಆ ಕಡೆಗೆ ವಾಲದೆ ಕಾಲು ಸುತ್ತು ಆಚೆಗೆ ವಾಲುವುದನ್ನು ನೀವು ನೋಡಿರಬಹುದು. ಹೆಲಿಕಾಪ್ಟರಿನ ರೆಕ್ಕೆಗಳ ಚಕ್ರವೂ ಒಂದು ಬುಗುರಿಯೇ. ಅದನ್ನು ಮುಂದಕ್ಕೆ ವಾಲಿಸಬೇಕಾದರೆ ಪ್ರತಿಯೊಂದು ರೆಕ್ಕೆಯೂ ಹಿಂಭಾಗಕ್ಕೆ ಬರುವ ಕಾಲು ಸುತ್ತು ಮೊದಲೇ, ಅಂದರೆ ಪಕ್ಕದಲ್ಲಿರುವಾಗಲೇ, ಅದರ ಕೋನವನ್ನು ಹೆಚ್ಚಿಸಬೇಕು. ಮಾಡಿದ ಕ್ರಿಯೆಯ ಫಲ ಕಾಲು ಸುತ್ತಿನ ಅನಂತರ ಕಾಣುತ್ತದೆ. ಈ ಲೆಕ್ಕವನ್ನು ರೆಕ್ಕೆಗಳ ಬುಡದಲ್ಲಿರುವ ‘ಸ್ವಾಶ್‌ಪ್ಲೇಟ್’ ಎಂಬ ಓಲಾಡುವ ತಟ್ಟೆ ತಾನೇ ನೋಡಿಕೊಳ್ಳುತ್ತದೆ.

ಇಷ್ಟು ತೊಡಕಿನ ಯಂತ್ರವನ್ನು ಮನುಷ್ಯನು ಹೇಗೆ ಪಳಗಿಸಿದನು? ಉತ್ತರ ಕೇಳಿದರೆ ನಮ್ಮಂಥವರಿಗೆ ಸಮಾಧಾನವಾದೀತು. ಪುಟ್ಟ ಮಾದರಿಗಳನ್ನು ಮಾಡಿ, ಅವುಗಳನ್ನು ಬೀಳಿಸಿ, ಬಿದ್ದುದರ ಕಾರಣವನ್ನು ಹುಡುಕಿ ಪಳಗಿಸಿದನು. ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವ ಎಂಬ ಎಂಜಿನಿಯರು ಕಟ್ಟಿದ ಮೂರು ಎಂಜಿನಿನ ವಿಮಾನವೊಂದು 1919ರಲ್ಲಿ ನೆಲದ ಸಮೀಪ ವೇಗ ಕಳೆದುಕೊಂಡು ಬಿದ್ದಿತು. ವಿಮಾನದ ವೇಗ ತಗ್ಗಿದರೂ ರೆಕ್ಕೆಯ ವೇಗ ತಗ್ಗಬಾರದು, ಅಂಥ ರೆಕ್ಕೆ ಯಾವುದು ಎಂದು ಅವರು ಯೋಚಿಸಿದರು. ತನ್ನಷ್ಟಕ್ಕೆ ಗಾಳಿಯಲ್ಲಿ ತಿರುಗುವ ರೆಕ್ಕೆಯೇ ಅವರಿಗೆ ಹೊಳೆದ ಉತ್ತರ. ಆದರೆ ಅವರ ಮೊದಲ ಯಂತ್ರಗಳು ಓಡತೊಡಗಿದ ಕೂಡಲೆ ಒಂದು ಬದಿಗೆ ಮಗುಚುತ್ತಿದ್ದವು. ಗಾಳಿಗೆ ಎದುರಾಗಿ ಬರುವ ರೆಕ್ಕೆಗೆ ಎತ್ತುವ ಬಲ ಹೆಚ್ಚು, ಹಿಂದಕ್ಕೆ ಸರಿಯುವ ರೆಕ್ಕೆಗೆ ಕಡಿಮೆ. ಮಗುಚದೆ ಏನು ಮಾಡೀತು? ಆಶ್ಚರ್ಯವೆಂದರೆ ಅವರೇ ಮಾಡಿದ ಪುಟ್ಟ ಮಾದರಿ ಮಾತ್ರ ಮಗುಚದೆ ಹಾರುತ್ತಿತ್ತು. ಆ ಮಾದರಿಯ ರೆಕ್ಕೆಗಳು ಬೆತ್ತದವು. ಬಾಗಿ ಬಳುಕಿ ಹೆಚ್ಚುಕಡಿಮೆಯನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದವು. ಇದನ್ನು ಕಂಡು ಅವರು ದೊಡ್ಡ ಯಂತ್ರದ ರೆಕ್ಕೆಗಳ ಬುಡಕ್ಕೆ ಮೇಲೆ ಕೆಳಗೆ ಆಡುವ ತಿರುಗಣಿಯನ್ನು ಜೋಡಿಸಿದರು. 1923ರ ಜನವರಿಯಲ್ಲಿ ಅದು ಹಾರಿತು.

ಅಮೆರಿಕದ ಆರ್ಥರ್ ಯಂಗ್ ಅವರ ಕಥೆ ನನಗೆ ಇನ್ನೂ ಹತ್ತಿರದ್ದೆನಿಸುತ್ತದೆ. ಮೂಲತಃ ತತ್ತ್ವಶಾಸ್ತ್ರದಲ್ಲಿ ಒಲವುಳ್ಳ ಮನುಷ್ಯ ಇವರು. 1928ರಿಂದ ಹನ್ನೆರಡು ಹದಿಮೂರು ವರ್ಷ ಮನೆಯಲ್ಲಿಯೂ, ಆಮೇಲೆ ಪೆನ್ಸಿಲ್ವೇನಿಯದ ಒಂದು ಹೊಲದ ಹಳೆಯ ಕೊಟ್ಟಿಗೆಯಲ್ಲಿಯೂ ಕುಳಿತು ಹೆಲಿಕಾಪ್ಟರಿನ ಮಾದರಿಗಳನ್ನು ಮಾಡುತ್ತ, ಮುರಿಯುತ್ತ, ಮತ್ತೆ ಮಾಡುತ್ತ ಕಳೆದರು. ದೊಡ್ಡ ಮಾದರಿ ಮುರಿದರೆ ದುರಸ್ತಿಗೆ ಬಹಳ ಕಾಲ ಬೇಕು. ಆದ್ದರಿಂದ ಬೇಗ ಸರಿಪಡಿಸಬಲ್ಲ ಚಿಕ್ಕ ವಿದ್ಯುತ್ ಮಾದರಿಗಳನ್ನೇ ಹಿಡಿದು, ದೂರದಿಂದ ಅವುಗಳನ್ನು ನಡೆಸಿದರು. ರೆಕ್ಕೆಗಳ ಜೊತೆಗೆ ತಿರುಗುವ, ತುದಿಗಳಲ್ಲಿ ತೂಕವುಳ್ಳ ಒಂದು ಅಡ್ಡಸರಳನ್ನು ಜೋಡಿಸಿದಾಗ ಯಂತ್ರ ಸ್ಥಿರವಾಯಿತು. 1941ರಲ್ಲಿ ಅವರು ಬೆಲ್ ಕಂಪನಿಯ ಕಾರಖಾನೆಯೊಳಗೆ ತಮ್ಮ ಮಾದರಿಯನ್ನು ಹಾರಿಸಿ ತೋರಿಸಿದರು. ಅಲ್ಲಿಂದ ಮುಂದೆ ಹುಟ್ಟಿದ ‘ಬೆಲ್ 47’ ಎಂಬ ಹೆಲಿಕಾಪ್ಟರಿಗೆ 1946ರ ಮಾರ್ಚ್ 8ರಂದು ನಾಗರಿಕ ಬಳಕೆಯ ಪ್ರಮಾಣಪತ್ರ ದೊರೆಯಿತು. ಜಗತ್ತಿನಲ್ಲಿ ಅಂಥ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರು ಅದು. ಅಂದರೆ ದೊಡ್ಡ ಹೆಲಿಕಾಪ್ಟರು ಚಿಕ್ಕದರಿಂದ ಪಾಠ ಕಲಿತಿದೆ. ರೇಡಿಯೋದಿಂದ ನಡೆಯುವ ಮಾದರಿ ಹೆಲಿಕಾಪ್ಟರನ್ನು ಹವ್ಯಾಸಿಗಳ ಕೈಗೆಟುಕುವಂತೆ ಮಾಡಿದವರಲ್ಲಿ ಜರ್ಮನಿಯ ಡೀಟರ್ ಶ್ಲ್ಯೂಟರ್ ಪ್ರಮುಖರು. 1970ರ ಸುಮಾರಿಗೆ ಅವರ ಯಂತ್ರಗಳು ಹಾರಿದವು. ಯಂಗರ ಆ ಅಡ್ಡಸರಳಿನ ವಂಶದ ಸರಳೇ ಬಹುಕಾಲ ಮಾದರಿಗಳ ತಲೆಯ ಮೇಲೆ ತಿರುಗುತ್ತಿತ್ತು. ಈಗ ಅದರ ಜಾಗವನ್ನು ಉಗುರಗಲದ ಇಲೆಕ್ಟ್ರಾನಿಕ್ ಜೈರೋ ಆಕ್ರಮಿಸಿದೆ.

ಇನ್ನು ನನ್ನ ಕಲಿಕೆಯ ಮಾತು. ಮೊದಲನೆಯ ವಾರ ಅಕ್ಕನ ಮಗನು ಕಂಪ್ಯೂಟರಿನ ಪರದೆಯ ಮೇಲೆ ಹಾರಿಸಲು ಕಲಿಸಿದನು. ಅಲ್ಲಿ ಬಿದ್ದರೆ ಒಂದು ಗುಂಡಿ ಒತ್ತಿದರಾಯಿತು, ಯಂತ್ರ ಹೊಸದಾಗಿ ಎದ್ದು ನಿಲ್ಲುತ್ತದೆ. ಈ ಅಭ್ಯಾಸ ಬಹಳ ಉಪಯುಕ್ತ. ಬೆರಳುಗಳಿಗೆ ದಾರಿ ತಿಳಿಯುತ್ತದೆ. ಆದರೆ ಬೀಳುವುದಕ್ಕೆ ಬೆಲೆಯಿಲ್ಲದ ಕಡೆ ಭಯವೂ ಇಲ್ಲ. ಹೊಲಕ್ಕೆ ಬಂದು ನಿಜವಾದ ಯಂತ್ರವನ್ನು ಎಬ್ಬಿಸಿದಾಗ ನನ್ನ ಮೊಣಕಾಲು ನಡುಗಿತು. ಪರದೆಯ ಮುಂದೆ ನಡುಗಿರಲಿಲ್ಲ.

ಹೊಸಬರು ಯಂತ್ರದ ಕಾಲುಗಳಿಗೆ ಎರಡು ಉದ್ದನೆಯ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ತುದಿಗಳಿಗೆ ಚೆಂಡುಗಳನ್ನು ಸಿಕ್ಕಿಸುವ ವಾಡಿಕೆಯಿದೆ. ಇಳಿಯುವಾಗ ಯಂತ್ರ ಓರೆಯಾದರೂ ಮಗುಚಬಾರದೆಂದು ಈ ಉಪಾಯ. ನಮ್ಮೂರ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ವಯಸ್ಸಾದ ವಸ್ತಾದರೊಬ್ಬರು ಸಂಜೆ ಬಂದು ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ತಾಲೀಮಿನ ಮಣ್ಣನ್ನು ದಿನಾಲು ಅಗೆದು ಮೆತ್ತಗೆ ಮಾಡುವುದು ಪದ್ಧತಿ, ಬಿದ್ದವನಿಗೆ ಪೆಟ್ಟಾಗಬಾರದಲ್ಲ. ಆದ್ದರಿಂದ ಅವರು, “ಮೆತ್ತನ ಮಣ್ಣಾಗ ಹಾರಸರಿ ಮಾಸ್ತರ” ಎಂದರು. ಮಾತು ಸರಿಯೆನಿಸಿ ನಾನು ಉತ್ತ ಹೊಲಕ್ಕೆ ಹೋದೆ. ಅಲ್ಲಿ ಕಡ್ಡಿಯ ತುದಿ ಹೆಂಟೆಗೆ ತಗಲಿತು. ಯಂತ್ರ ಪಕ್ಕಕ್ಕೆ ಸರಿಯುತ್ತಿತ್ತು, ಕಾಲು ಸರಿಯಲಿಲ್ಲ. ಇಡೀ ಯಂತ್ರ ಆ ಕಾಲಿನ ಸುತ್ತ ಮಗುಚಿ ರೆಕ್ಕೆಗಳು ನೆಲಕ್ಕೆ ಬಡಿದವು. ಎರಡು ಸೆಕೆಂಡಿನ ಕೆಲಸ. ಇದು ನನ್ನ ಮೊದಲನೆಯ ಪತನ. ಕಲಿಯುವ ಹೆಲಿಕಾಪ್ಟರಿಗೆ ಬೇಕಾದುದು ಮೆತ್ತನೆಯ ನೆಲವಲ್ಲ, ಜಾರುವ ನೆಲ ಎಂದು ಆಗ ತಿಳಿಯಿತು. ಮರುದಿನದಿಂದ ಸೆಗಣಿ ಸಾರಿಸಿದ ಹಳೆಯ ಕಣದ ಮೇಲೆ ಅಭ್ಯಾಸ ನಡೆಯಿತು. ವಸ್ತಾದರು ನಕ್ಕು, “ನಿಮ್ಮ ಪೈಲವಾನನ ರೀತಿನs ಬ್ಯಾರೆ” ಎಂದರು.

ಎರಡನೆಯ ಪಾಠ ಎತ್ತರದ್ದು. ಭಯಗೊಂಡವನು ಯಂತ್ರವನ್ನು ನೆಲದಿಂದ ಒಂದು ಗೇಣು ಮೇಲೆ ಇಟ್ಟುಕೊಳ್ಳಲು ಬಯಸುತ್ತಾನೆ. ಬಿದ್ದರೂ ಅಷ್ಟರಿಂದಲೇ ಬೀಳಲಿ ಎಂಬ ವಿಚಾರ. ಆದರೆ ನೆಲದ ಹತ್ತಿರ ರೆಕ್ಕೆಗಳು ತಳ್ಳಿದ ಗಾಳಿ ನೆಲಕ್ಕೆ ಬಡಿದು ದಿಂಬಿನಂತೆ ಯಂತ್ರವನ್ನು ಹೊರುತ್ತದೆ. ರೆಕ್ಕೆಗಳ ವೃತ್ತದ ವ್ಯಾಸದಷ್ಟು ಎತ್ತರದವರೆಗೆ ಈ ಪರಿಣಾಮವಿರುತ್ತದೆ. ಆ ದಿಂಬು ಸಮನಾದುದಲ್ಲ. ಅದರ ಮೇಲಿನಿಂದ ಯಂತ್ರ ಎಣ್ಣೆಯ ಮೇಲೆ ಇಟ್ಟಂತೆ ಅತ್ತಿತ್ತ ಜಾರುತ್ತದೆ. ತಪ್ಪನ್ನು ತಿದ್ದುವುದಕ್ಕೆ ಅವಕಾಶವೂ ಇರುವುದಿಲ್ಲ. ಕಣ್ಣಿನ ಎತ್ತರಕ್ಕೆ ಏರಿಸಿದಾಗ ಅದೇ ಯಂತ್ರ ಶಾಂತವಾಗುತ್ತದೆ. ನನ್ನ ಮೊದಲ ತಿಂಗಳ ಪತನಗಳಲ್ಲಿ ಬಹುಪಾಲು ಆದುದು ನಾನು ಸುರಕ್ಷಿತವೆಂದು ನಂಬಿದ ಆ ಒಂದು ಗೇಣಿನ ಎತ್ತರದಲ್ಲಿ.

ಮೂರನೆಯದು ಎಲ್ಲಕ್ಕಿಂತ ಕಠಿನ. ಯಂತ್ರದ ಬಾಲ ನಮ್ಮ ಕಡೆಗಿರುವ ತನಕ ನಮ್ಮ ಎಡ ಬಲಗಳೇ ಅದರ ಎಡ ಬಲಗಳು. ಅದು ಮೂತಿ ತಿರುಗಿಸಿ ನಮ್ಮನ್ನು ನೋಡತೊಡಗಿದರೆ ಎಲ್ಲವೂ ತಿರುವುಮುರುವು. ಕನ್ನಡಿಯಲ್ಲಿ ನೋಡಿಕೊಂಡು ಕತ್ತರಿಯಿಂದ ಮೀಸೆ ಕತ್ತರಿಸಿಕೊಳ್ಳುವವನ ಕಷ್ಟ ಇಲ್ಲಿಯೂ ಉಂಟು. ಯಂತ್ರ ನಮ್ಮ ಎಡಕ್ಕೆ ಜಾರುತ್ತಿರುವಾಗ ಭಯದಿಂದ ಕೈ ತಾನಾಗಿಯೇ ಸನ್ನೆಯನ್ನು ಬಲಕ್ಕೆ ಒತ್ತುತ್ತದೆ. ಯಂತ್ರ ಇನ್ನಷ್ಟು ಎಡಕ್ಕೆ ಧಾವಿಸುತ್ತದೆ. ಕೈ ಇನ್ನಷ್ಟು ಬಲಕ್ಕೆ ಒತ್ತುತ್ತದೆ. ಬುದ್ಧಿಗೆ ಎಲ್ಲವೂ ತಿಳಿದಿದ್ದರೂ ಕೈಗೆ ತಿಳಿದಿರುವುದಿಲ್ಲ. ಇದಕ್ಕೆ ಒಂದು ಉಪಾಯವನ್ನು ಬಲ್ಲವರು ಹೇಳುತ್ತಾರೆ: ಯಂತ್ರ ಎದುರು ಮುಖವಾಗಿದ್ದಾಗ ಅದು ಯಾವ ಕಡೆಗೆ ಬೀಳುತ್ತಿದೆಯೋ ಆ ಕಡೆಗೇ ಸನ್ನೆಯನ್ನು ಒಯ್ದು ಆಸರೆ ಕೊಡಬೇಕು. ಬೀಳುವ ಗೋಡೆಗೆ ಊರುಗೋಲನ್ನು ಅದು ವಾಲಿದ ಕಡೆಯಿಂದಲೇ ಕೊಡುವುದಿಲ್ಲವೇ, ಹಾಗೆ. ಈ ಮಾತು ತಲೆಯಿಂದ ಬೆರಳಿಗೆ ಇಳಿಯಲು ನನಗೆ ಐದು ತಿಂಗಳು ಹಿಡಿಯಿತು.

ಬಿದ್ದ ಕೂಡಲೆ ಏನು ಮಾಡಬೇಕು? ಓಡಬಾರದು. ಪೆಟ್ಟಿಗೆಯ ಮೇಲೆ ಮೋಟಾರನ್ನು ಒಮ್ಮೆಗೇ ನಿಲ್ಲಿಸುವ ಗುಂಡಿಯೊಂದಿದೆ. ಬೀಳುವುದು ಖಂಡಿತವೆಂದು ತೋರಿದಾಗ, ನೆಲಕ್ಕೆ ತಾಗುವ ಮೊದಲೇ, ಅದನ್ನು ಒತ್ತಬೇಕು. ಬಿದ್ದು ಸಿಕ್ಕಿಕೊಂಡ ಯಂತ್ರದಲ್ಲಿ ಮೋಟಾರು ತಿರುಗಲು ಹೆಣಗುತ್ತಿದ್ದರೆ ಹಲ್ಲುಚಕ್ರಗಳು ಸವೆಯುತ್ತವೆ, ತಂತಿಗಳು ಸುಡುತ್ತವೆ. ಈ ಗುಂಡಿಯನ್ನು ಒತ್ತಲು ಕಲಿಯುವುದೇ ಬೀಳುವ ವಿದ್ಯೆಯ ಮೊದಲ ಅಕ್ಷರ. ಆಮೇಲೆ ನಡೆದು ಹೋಗಿ ಮೊದಲು ಬ್ಯಾಟರಿಯನ್ನು ಬಿಡಿಸಬೇಕು. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಉರಿಯಬಹುದು. ಅದನ್ನು ಮನೆಯೊಳಗೆ ಒಯ್ಯದೆ ಮರಳು ತುಂಬಿದ ಬಾನಿಯಲ್ಲಿ ಇಟ್ಟು ಕಾಯಬೇಕು. ಉಬ್ಬಿದ್ದರೆ ಅದಕ್ಕೆ ಮತ್ತೆ ವಿದ್ಯುತ್ತು ತುಂಬಲೇಬಾರದು. ನಮ್ಮಲ್ಲಿ ಕಬ್ಬಿನ ರವದಿ ಒಣಗಿ ಹರಡಿರುತ್ತದೆ. ಒಂದು ಕಿಡಿ ಸಾಕು, ನೆರೆಯವನ ಕಬ್ಬಿನ ತನಕ ಹೋದೀತು.

ಮನೆಗೆ ಬಂದ ಮೇಲೆ ತಪಾಸಣೆ. ನಡುವಿನ ಉಕ್ಕಿನ ದಂಡವನ್ನು ಕಳಚಿ ಗಾಜಿನ ಮೇಲೆ ಉರುಳಿಸಿ ನೋಡಬೇಕು. ಕಣ್ಣಿಗೆ ಕಾಣದ ಬಾಗು ಅಲ್ಲಿ ಕಾಣುತ್ತದೆ. ಸರ್ವೋಗಳನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಒಳಗಿನ ಹಲ್ಲು ಮುರಿದಿರುವುದು ಬೆರಳಿಗೆ ತಿಳಿಯುತ್ತದೆ. ಲೋಹಕ್ಕೆ ಲೋಹ ತಾಗುವ ಪ್ರತಿಯೊಂದು ಸ್ಕ್ರೂಗೂ ಅಂಟು ಹಚ್ಚಿದೆಯೇ ನೋಡಬೇಕು. ನಡುಕಕ್ಕೆ ಸಡಿಲಾಗದ ಸ್ಕ್ರೂ ಇಲ್ಲ. ರೆಕ್ಕೆಗಳನ್ನು ಜೋಡಿಯಾಗಿಯೇ ತೂಗಿ, ಜೋಡಿಯಾಗಿಯೇ ಬದಲಿಸಬೇಕು. ತುದಿಗಳಿಗೆ ಎರಡು ಬಣ್ಣದ ಪಟ್ಟಿ ಅಂಟಿಸಿ ತಿರುಗಿಸಿದರೆ, ಎರಡೂ ಒಂದೇ ಮಟ್ಟದಲ್ಲಿ ಸುತ್ತುತ್ತಿವೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ.

ಇವೆಲ್ಲಕ್ಕಿಂತ ಮೊದಲು ನಾನು ಮಾಡುವ ಕೆಲಸ ಒಂದಿದೆ. ಕಿರಾಣಿ ಅಂಗಡಿಯ ಲೆಕ್ಕದ ವಹಿಯಂಥ ಒಂದು ಕೆಂಪು ವಹಿಯಲ್ಲಿ ದಿನಾಂಕ, ಗಾಳಿ, ಎತ್ತರ, ಯಂತ್ರದ ಮೂತಿ ಯಾವ ಕಡೆಗಿತ್ತು, ಬೀಳುವ ಮೊದಲು ನನ್ನ ಕೈ ಏನು ಮಾಡಿತು ಎಂದು ಬರೆಯುತ್ತೇನೆ. ಕಾರಣ ಬರೆಯುವ ತನಕ ದುರಸ್ತಿಗೆ ಕೈ ಹಾಕುವುದಿಲ್ಲ. ದುರಸ್ತಿಯಲ್ಲಿ ಒಂದು ಮೋಹವಿದೆ. ಮುರಿದ ಭಾಗ ಹೋಗಿ ಹೊಸದು ಕುಳಿತಾಗ ತಪ್ಪೂ ಹೋಯಿತೆಂದು ಅನಿಸುತ್ತದೆ. ಭಾಗ ಮಾತ್ರ ಹೊಸದಾಗಿರುತ್ತದೆ, ತಪ್ಪು ಹಳೆಯದೇ ಉಳಿದಿರುತ್ತದೆ. ಮೊದಲ ವರ್ಷ ಆ ವಹಿಯಲ್ಲಿ ನಲವತ್ತಕ್ಕೂ ಮಿಕ್ಕಿದ ಪತನಗಳು ದಾಖಲಾದವು. ಯಂತ್ರದ ದೋಷದಿಂದ ಆದವೆಂದು ನಾನು ಅಂದುಕೊಂಡಿದ್ದವು ಬಹಳ. ಶಾಂತವಾಗಿ ಕುಳಿತು ಬರೆದ ಮೇಲೆ ಹಾಗೆ ಉಳಿದವು ಬೆರಳೆಣಿಕೆಯಷ್ಟು.

ಆದರೆ ಈ ವಹಿ ಮೊದಲಿನಿಂದಲೂ ಇತ್ತೆಂದು ತಿಳಿಯಬೇಡಿ. ಅದು ಹುಟ್ಟಿದ ಬಗೆಯನ್ನು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಹೇಳಲು ನನಗೆ ನಾಚಿಕೆಯೂ ಉಂಟು.

ಕಲಿಯತೊಡಗಿದ ಮೂರನೆಯ ತಿಂಗಳು. ಒಂದು ಸಂಜೆ ಯಂತ್ರ ಇಳಿಯುವಾಗ ಮಗುಚಿ ರೆಕ್ಕೆಗಳು ಕೂಳೆಗೆ ತಗಲಿದವು. ಅವು ಮರದ ರೆಕ್ಕೆಗಳು, ಮೇಲೆ ಬಣ್ಣದ ಹಾಳೆಯ ಹೊದಿಕೆ. ತಿರುವಿ ನೋಡಿದೆ, ಒಂದು ಗೀರಿನ ಹೊರತು ಏನೂ ಕಾಣಲಿಲ್ಲ. ಮರುದಿನ ಅವುಗಳಿಂದಲೇ ಹಾರಿಸಿದೆ. ಹುಡುಗರು ದೂರದ ಬದುವಿನ ಮೇಲೆ ಕುಳಿತಿದ್ದರು. ದೂರವೆಂದರೆ ಮೂವತ್ತು ಹೆಜ್ಜೆ. ಅಷ್ಟು ಸಾಕೆಂದು ನಾನೇ ಹೇಳಿದ್ದೆ. ಯಂತ್ರ ಆಳೆತ್ತರಕ್ಕೆ ಏರಿತ್ತು. ಬಟ್ಟೆ ಹರಿದಂಥ ಒಂದು ಸದ್ದಾಯಿತು. ಒಂದು ರೆಕ್ಕೆ ಬುಡದಲ್ಲಿ ಮುರಿದು ಹೊರಟುಹೋಯಿತು. ಉಳಿದ ಒಂದೇ ರೆಕ್ಕೆಯಿಂದ ಯಂತ್ರ ನಡುಗಿ ನನ್ನ ಕಣ್ಣೆದುರೇ ಬಿಡಿಬಿಡಿಯಾಗಿ ಕೆಳಗೆ ಬಿದ್ದಿತು. ನಾನು ನೋಡಿದ್ದು ಯಂತ್ರವನ್ನು. ಹೋದ ರೆಕ್ಕೆ ಎಲ್ಲಿ ಹೋಯಿತೆಂದು ನೋಡಲಿಲ್ಲ.

ಅದು ಬದುವಿನ ಮೇಲೆ ನೆಟ್ಟಿತ್ತು. ನೆರೆಹೊಲದವರ ಎಂಟು ವರ್ಷದ ಹುಡುಗ ಆಗ ತಾನೇ ನೀರು ಕುಡಿಯಲು ಎದ್ದು ಹೋಗಿದ್ದನು. ರೆಕ್ಕೆ ನೆಟ್ಟದ್ದು ಅವನು ಕುಳಿತಿದ್ದ ಜಾಗದಲ್ಲಿ. ಅವನ ತಾಯಿ ಕಳೆ ಕೀಳುತ್ತಿದ್ದವಳು ಬಂದು ಅದನ್ನು ಕಿತ್ತು, ನನ್ನ ಹತ್ತಿರ ತಂದು, “ಮಾಸ್ತರ, ಇದು ನಿಮ್ದ ಏನ್ರಿ?” ಎಂದು ಕೇಳಿ ಕೈಯಲ್ಲಿ ಕೊಟ್ಟಳು. ಮತ್ತೊಂದು ಮಾತನಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ರಾತ್ರಿ ಹಾಳೆಯ ಹೊದಿಕೆಯನ್ನು ಸುಲಿದು ನೋಡಿದೆ. ಬುಡದ ಮರದಲ್ಲಿ ಹಳೆಯ ಬಿರುಕು. ಹಿಂದಿನ ದಿನವೇ ಆಗಿದ್ದುದು. ಹೊದಿಕೆ ಅದನ್ನು ಮುಚ್ಚಿತ್ತು. ಆಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ರೆಕ್ಕೆಯ ತೂಕ 30 ಗ್ರಾಂ. ನಿಮಿಷಕ್ಕೆ 2,500 ಸುತ್ತು. ಅದರ ಭಾರದ ಕೇಂದ್ರ ನಡುದಂಡದಿಂದ ಸುಮಾರು 20 ಸೆಂಟಿಮೀಟರು ದೂರ. ಇಷ್ಟರಿಂದ ಬರುವ ಉತ್ತರ: ಆ 30 ಗ್ರಾಮಿನ ರೆಕ್ಕೆ ತನ್ನ ಬುಡವನ್ನು ಸುಮಾರು 40 ಕಿಲೋ ತೂಕದ ಬಲದಿಂದ ಹೊರಕ್ಕೆ ಜಗ್ಗುತ್ತಿರುತ್ತದೆ. ಅದರ ತುದಿಯ ವೇಗ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು. ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿ, ಈ ಸೂತ್ರವನ್ನು ಕಪ್ಪು ಹಲಗೆಯ ಮೇಲೆ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಆ ಮಕ್ಕಳಲ್ಲಿ ಒಬ್ಬನು ಈ ಹುಡುಗನ ತಂದೆ. ಬದುವಿನ ಮೇಲೆ ಹುಡುಗರನ್ನು ಕೂರಿಸುವ ಮೊದಲು ಆ ಸೂತ್ರದಲ್ಲಿ ಅಂಕಿಗಳನ್ನು ಇಟ್ಟು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಯಂತ್ರವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ತಿಂಗಳು ತೆಗೆಯಲಿಲ್ಲ. ಒಂದು ದಿನ ವಸ್ತಾದರು ಮನೆಗೆ ಬಂದರು. ಚಹಾ ಕುಡಿದಾದ ಮೇಲೆ ಹೇಳಿದರು: “ತಾಲೀಮನ್ಯಾಗ ಒಬ್ಬನ ಕೈ ಮುರದ್ರ ತಾಲೀಮ ಮುಚ್ಚೂದಿಲ್ರಿ ಮಾಸ್ತರ. ಆದ್ರ ಯಾಕ ಮುರೀತು ಅಂತ ತಿಳಿಯೂ ತನಕಾ ಯಾರನ್ನೂ ಮಣ್ಣಾಗ ಇಳಸೂದಿಲ್ಲ.” ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಕಾರಣ ತಿಳಿಯದಿದ್ದಾಗ ಹಾರಿಸಿದ್ದೆ. ಕಾರಣ ತಿಳಿದ ಮೇಲೆ ನಿಲ್ಲಿಸಿದ್ದೆ.

ವಹಿ ಆ ದಿನ ಬಂದಿತು. ಅದರ ಮೊದಲ ಪುಟದಲ್ಲಿ ಕೆಲವು ನಿಯಮಗಳಿವೆ. ನೆಲಕ್ಕೆ ತಾಗಿದ ರೆಕ್ಕೆ, ಚೆನ್ನಾಗಿ ಕಂಡರೂ, ಮತ್ತೆ ಏರಕೂಡದು. ನೋಡುವವರು ಬಹಳ ದೂರದಲ್ಲಿ, ನನ್ನ ಬೆನ್ನಿನ ಹಿಂದೆ ಇರಬೇಕು; ಪಕ್ಕದಲ್ಲಿ ಅಥವಾ ಎದುರಿಗೆ ಯಾರೂ ಇರಕೂಡದು. ರೆಕ್ಕೆಗಳು ಪೂರ್ಣ ವೇಗಕ್ಕೆ ಬರುವ ತನಕ ನಾನೂ ಅವುಗಳ ಮಟ್ಟದಲ್ಲಿ ನಿಲ್ಲಕೂಡದು. ಬಿದ್ದ ದಿನ ಮತ್ತೆ ಹಾರಿಸಕೂಡದು. ಸರಕಾರದ ನಿಯಮಗಳೂ ಇವೆ. 2021ರ ಡ್ರೋನ್ ನಿಯಮಗಳು ಚಾಲಕನಿಲ್ಲದ ವಿಮಾನಗಳಿಗೂ, ಹೆಲಿಕಾಪ್ಟರಿನಂಥ ಯಂತ್ರಗಳಿಗೂ ಅನ್ವಯಿಸುತ್ತವೆ. 250 ಗ್ರಾಮಿಗಿಂತ ಹೆಚ್ಚು, 2 ಕಿಲೋ ಮೀರದ ಯಂತ್ರವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವನಿಗೆ ಚಾಲಕ ಪ್ರಮಾಣಪತ್ರ ಬೇಡವೆಂದರೂ, ಎಲ್ಲಿ ಹಾರಿಸಬಹುದು ಎಲ್ಲಿ ಕೂಡದು ಎಂಬುದನ್ನು ಸರಕಾರದ ನಕ್ಷೆಯಲ್ಲಿ ನೋಡಿಯೇ ಹೊರಡಬೇಕು. ಆದರೆ ಬದುವಿನ ಮೇಲೆ ಯಾರು ಕುಳಿತಿದ್ದಾರೆಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ.

ಈಗ ನಮ್ಮ ಕಡೆ ಕಬ್ಬಿಗೆ ಔಷಧ ಸಿಂಪಡಿಸುವ ಡ್ರೋನುಗಳು ಬಂದಿವೆ. ಜಪಾನಿನಲ್ಲಿ ಭತ್ತದ ಗದ್ದೆಗಳಿಗೆ ಸಿಂಪಡಿಸಲು ಯಮಾಹಾ ಕಂಪನಿಯ ಚಾಲಕನಿಲ್ಲದ ಹೆಲಿಕಾಪ್ಟರು 1987ರಷ್ಟು ಹಿಂದೆಯೇ ಬಂದಿತ್ತು. ಇಂದಿನ ಡ್ರೋನಿನಿಂದ ಕೈ ತೆಗೆದರೆ ಅದು ತಾನೇ ಒಂದೆಡೆ ನಿಲ್ಲುತ್ತದೆ. ಹುಡುಗರು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. “ಹಿಂಗಿದ್ದಾಗ ನೀವ್ಯಾಕ್ರಿ ಅದರ ಬೆನ್ನ ಹತ್ತೀರಿ?” ಎಂದು ಅವರು ಕೇಳುತ್ತಾರೆ. ಹೆಲಿಕಾಪ್ಟರಿಗೆ ತಿಳಿದಿರುವ ಒಂದು ವಿದ್ಯೆ ಆ ಡ್ರೋನಿಗೆ ಇಲ್ಲವೆಂಬುದೇ ನನ್ನ ಉತ್ತರ.

ನಾಲ್ಕು ರೆಕ್ಕೆಯ ಡ್ರೋನಿನ ಮೋಟಾರುಗಳು ನಿಂತರೆ ಅದು ಕಲ್ಲಿನಂತೆ ಬೀಳುತ್ತದೆ. ಹೆಲಿಕಾಪ್ಟರಿನ ಮೋಟಾರು ನಿಂತಾಗ ರೆಕ್ಕೆಗಳ ಕೋನವನ್ನು ಒಡನೆಯೇ ತಗ್ಗಿಸಿದರೆ, ಬೀಳುವ ಯಂತ್ರಕ್ಕೆ ಕೆಳಗಿನಿಂದ ಎದುರಾಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುತ್ತದೆ. ಸಿಯೆರ್ವ ಅವರು ಹುಡುಕಿದ ತತ್ತ್ವ ಇದೇ. ಯಂತ್ರ ಬೇಗ ಇಳಿಯುತ್ತದೆ, ಆದರೆ ಆ ಇಳಿತದ ಶಕ್ತಿ ರೆಕ್ಕೆಗಳಲ್ಲಿ ಕೂಡಿರುತ್ತದೆ. ನೆಲ ಹತ್ತಿರವಾದಾಗ ಮೂತಿಯನ್ನು ಸ್ವಲ್ಪ ಮೇಲೆತ್ತಿ ವೇಗವನ್ನು ತಗ್ಗಿಸಿ, ಕೊನೆಯ ಗಳಿಗೆಯಲ್ಲಿ ಕೋನವನ್ನು ಹೆಚ್ಚಿಸಿದರೆ ಕೂಡಿಟ್ಟ ಶಕ್ತಿಯೆಲ್ಲ ಎತ್ತುವ ಬಲವಾಗಿ ಯಂತ್ರ ಮೆಲ್ಲಗೆ ಕೂರುತ್ತದೆ. ಬೇಗ ಎಳೆದರೆ ಶಕ್ತಿ ಗಾಳಿಯಲ್ಲಿಯೇ ಮುಗಿಯುತ್ತದೆ. ತಡವಾದರೆ ನೆಲ ಬಂದುಬಿಡುತ್ತದೆ. ಅವಕಾಶ ಒಂದೇ ಸಲ. ದೊಡ್ಡ ಹೆಲಿಕಾಪ್ಟರಿನ ಚಾಲಕರು ಇದನ್ನು ಕಲಿಯಲೇಬೇಕು; ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರಖಾನೆಯಲ್ಲಿ ತಯಾರಾಗುವ ಯಂತ್ರಕ್ಕೂ ನನ್ನ 800 ಗ್ರಾಮಿನ ಯಂತ್ರಕ್ಕೂ ಈ ನಿಯಮ ಒಂದೇ.

ಹೋದ ಸುಗ್ಗಿಯ ಕೊನೆಯಲ್ಲಿ, ಕಬ್ಬು ಕಟಾವಾದ ಬಯಲಿನಲ್ಲಿ, ನಾನು ಮೊದಲ ಸಲ ಬೇಕೆಂದೇ ಮೋಟಾರು ನಿಲ್ಲಿಸಿ ಹೆಲಿಕಾಪ್ಟರನ್ನು ಇಳಿಸಿದೆ. ತೆಂಗಿನ ಮರದ ಎರಡರಷ್ಟು ಎತ್ತರದಿಂದ ಅದು ಮೋಟಾರಿನ ಸದ್ದಿಲ್ಲದೆ, ರೆಕ್ಕೆಗಳ ಸುಯ್ಯೆಂಬ ದನಿಯೊಂದಿಗೆ ಇಳಿಯಿತು. ಕಣದ ಅಂಚಿನಲ್ಲಿ ಸ್ವಲ್ಪ ಜೋರಾಗಿಯೇ ಕೂತಿತು, ಆದರೆ ಮಗುಚಲಿಲ್ಲ. ನನ್ನ ಬೆನ್ನ ಹಿಂದೆ, ಹಗ್ಗ ಕಟ್ಟಿದ ಗೆರೆಯ ಆಚೆ, ಆ ಹುಡುಗನೂ ನಿಂತಿದ್ದನು. ಈಗ ಅವನಿಗೆ ಹತ್ತು ವರ್ಷ. ಹಗ್ಗವನ್ನು ದಾಟದೆ ಅಲ್ಲಿಂದಲೇ ಕೂಗಿದನು: “ಅಜ್ಜಾ, ಇದನ್ನ ಬಿದ್ದ ಲೆಕ್ಕದಾಗ ಬರ್ಯೂದೋ, ಇಳದ ಲೆಕ್ಕದಾಗ ಬರ್ಯೂದೋ?”

ಆ ವಹಿಯಲ್ಲಿ ಇಳಿದ ಲೆಕ್ಕಕ್ಕೆ ನಾನು ಪುಟವನ್ನೇ ಇಟ್ಟಿರಲಿಲ್ಲ. ಅಂದು ರಾತ್ರಿ ಹಿಂದಿನ ಪುಟದಿಂದ ತಿರುವಿ ಹೊಸದಾಗಿ ಒಂದು ಗೆರೆ ಎಳೆದು, ದಿನಾಂಕ, ಗಾಳಿ, ಎತ್ತರ ಎಂದು ಬರೆದೆ. ಕಾರಣ ಎಂಬ ಅಂಕಣವನ್ನು ಅಲ್ಲಿಯೂ ಬಿಡಲಿಲ್ಲ. ಸರಿಯಾಗಿ ಇಳಿದದ್ದಕ್ಕೂ ಕಾರಣ ತಿಳಿದಿರಬೇಕು.

(ಬಾನುಲಿ ಭಾಷಣ)